ಗೆಳೆಯರ ಜೊತೆ ಕಾವೇರಿ ಕಾಲುವೆ ದಂಡೆ ಮೇಲೆ 42 ಕಿಲೋಮೀಟರ್: ವೀಕೆಂಡ್ ಮ್ಯಾರಥಾನ್‌ಗೆ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಶ್ರೀರಂಗಪಟ್ಟಣಕ್ಕೆ ಓಡಲು ಹೋದಾಗ ನಾವು ಐದು ಜನ ಇದ್ದೆವು. ಶನಿವಾರ ಬೆಳಿಗ್ಗೆಯೇ ಮೈಸೂರು ತಲುಪಿದ್ದೆವು. ಹೇಗೂ ಟೈಮ್ ಇದೆಯಲ್ಲ ಅಂತ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ಅಲ್ಲಿಂದ ನಡೆದೇ ಇಳಿದು, ರಾತ್ರಿ ಒಂದು ಹೋಟೆಲಿನಲ್ಲಿ ಮಟನ್ ಪಲಾವ್ ಹೊಡೆದು, ರೂಮಿನಲ್ಲಿ ಹನ್ನೊಂದೂವರೆವರೆಗೆ ಇಸ್ಪೀಟು ಆಡಿದೆವು. ಭಾನುವಾರ ಹದಿನೆಂಟನೇ ಕಿಲೋಮೀಟರಿಗೆ ನನ್ನ ತೊಡೆ ಕಲ್ಲಾಯಿತು. ಒಬ್ಬ ಗೆಳೆಯ ಹೊಟ್ಟೆ ಹಿಡಿದುಕೊಂಡು ಕಬ್ಬಿನ ಗದ್ದೆ ಕಡೆ ಓಡಿದ. ಅವತ್ತು ಅವನ ಅತಿ ವೇಗದ ಓಟ ಅದೇ.

ಮರುವರ್ಷ ಅದೇ ಐದು ಜನ ಮತ್ತೆ ಹೋದೆವು. ಹೆಚ್ಚೇನೂ ತಯಾರಿ ಬದಲಾಗಿರಲಿಲ್ಲ. ಶನಿವಾರ ಮಾತ್ರ ಸುಮ್ನೆ ಬಿದ್ದುಕೊಂಡಿದ್ದೆವು, ಅಷ್ಟೇ. ಎಲ್ಲರೂ ಮುಗಿಸಿದೆವು, ಅದೂ ಮಾತಾಡಿಕೊಂಡು. ಹಾಗಾಗಿ ಇಲ್ಲಿ ತರಬೇತಿಗಿಂತ ಶನಿವಾರದ ಬಗ್ಗೆ ಜಾಸ್ತಿ ಬರೆದಿದ್ದರೆ ಬೇಜಾರಾಗಬೇಡಿ.

1. ಓಟ ಆರಿಸಿಕೊಳ್ಳಿ

ಪೂರ್ತಿ ಮ್ಯಾರಥಾನ್ ಅಂದರೆ 42.195 ಕಿ.ಮೀ. "ಮೊನ್ನೆ 10 ಕಿಲೋಮೀಟರ್ ಮ್ಯಾರಥಾನ್ ಓಡಿದೆ" ಅಂತ ಹೇಳುವವರು ಎಲ್ಲ ಆಫೀಸಿನಲ್ಲೂ ಒಬ್ಬರಿರುತ್ತಾರೆ, ಅವರನ್ನು ತಿದ್ದಲು ಹೋಗಬೇಡಿ.

ಗೆಳೆಯರ ಗುಂಪಿಗೆ ನಾನು ಹೇಳುವುದು ಕಾವೇರಿ ಟ್ರೇಲ್ ಮ್ಯಾರಥಾನ್. ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಶ್ರೀರಂಗಪಟ್ಟಣದ ಪಕ್ಕ ರಂಗನತಿಟ್ಟು ಹತ್ತಿರ ನಡೆಯುತ್ತದೆ. ಓಡುವುದು ಕಾಲುವೆ ದಂಡೆಯ ಮಣ್ಣಿನ ದಾರಿಯಲ್ಲಿ. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತ, ಕಬ್ಬು. ಏರುಇಳಿತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೆಂಗಳೂರಿನಿಂದ ಎರಡು ಎರಡೂವರೆ ಗಂಟೆಯ ದಾರಿ, ರಜೆ ಹಾಕುವುದು ಬೇಡ.

ನನಗೆ ಇಷ್ಟವಾಗುವ ಮುಖ್ಯ ಕಾರಣ ಬೇರೆ ಇದೆ. ಇದು ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುವ ಓಟ. ಹಾಫ್ (ಅರ್ಧ ಮ್ಯಾರಥಾನ್, ಸುಮಾರು 21 ಕಿ.ಮೀ.) ಓಡುವವರು ಒಂದು ಸಲ ಹೋಗಿ ಬಂದರೆ ಮುಗಿಯಿತು, ಫುಲ್ ಓಡುವವರು ಎರಡು ಸಲ. ಅಂದರೆ ನಿಮ್ಮ ಗುಂಪಿನಲ್ಲಿ ಯಾರು ಎಷ್ಟೇ ಮುಂದಿರಲಿ ಹಿಂದಿರಲಿ, ದಾರಿಯಲ್ಲಿ ಎದುರುಬದುರು ಸಿಗುತ್ತಾರೆ. ಕೈಗೆ ಕೈ ಹೊಡೆದು "ಏನೋ, ಬದುಕಿದೀಯಾ?" ಅಂತ ಕೇಳಿ ಮುಂದೆ ಹೋಗಬಹುದು. ದೊಡ್ಡ ನಗರದ ಓಟಗಳಲ್ಲಿ ಗೆಳೆಯ ಸ್ಟಾರ್ಟಿನಲ್ಲಿ ಕಳೆದುಹೋದರೆ ಮತ್ತೆ ಸಿಗುವುದು ಪಾರ್ಕಿಂಗಿನಲ್ಲೇ.

ರಸ್ತೆ ಓಟವೇ ಬೇಕು, ಜನ ಜಾಸ್ತಿ ಇರಬೇಕು ಅಂದರೆ ಜನವರಿಯ ಮುಂಬೈ ಮ್ಯಾರಥಾನ್ ಇದೆ. ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ಮಲ್ನಾಡ್ ಅಲ್ಟ್ರಾ ಇದೆ, ನೋಡಲು ಸ್ವರ್ಗ, ಮೊದಲ ಸಲಕ್ಕೆ ಬೇಡ.

2. ಯಾರು ಎಷ್ಟು ಓಡುವುದು ಅಂತ ಮೊದಲೇ ತೀರ್ಮಾನಿಸಿ

ಎಲ್ಲರೂ ಫುಲ್ ಓಡಬೇಕಿಲ್ಲ. ಇಲ್ಲಿ 10 ಕಿ.ಮೀ., ಹಾಫ್, ಫುಲ್ ಮೂರೂ ಇರುತ್ತವೆ. ಐದು ಜನರಲ್ಲಿ ಇಬ್ಬರು ಫುಲ್, ಇಬ್ಬರು ಹಾಫ್, ಒಬ್ಬರು 10 ಕಿ.ಮೀ. ಅಂದರೆ ಒಳ್ಳೆ ಹಂಚಿಕೆ. 10 ಓಡಿದವರು ಬೇಗ ಮುಗಿಸಿ ಕಾರಿನ ಕೀ, ಬ್ಯಾಗು, ತಿಂಡಿ ನೋಡಿಕೊಳ್ಳುತ್ತಾರೆ, ವಾಪಸ್ ಬರುವಾಗ ಕಾರನ್ನೂ ಅವರೇ ಓಡಿಸುತ್ತಾರೆ. ಇದು ತಮಾಷೆಗೆ ಹೇಳುತ್ತಿಲ್ಲ. 42 ಓಡಿದ ಕಾಲಿಗೆ ಕ್ಲಚ್ ಒತ್ತುವಾಗ ಮೀನಖಂಡ ಹಿಡಿದುಕೊಂಡರೆ ಹೈವೇ ಮಧ್ಯದಲ್ಲಿ ಏನು ಮಾಡುತ್ತೀರಿ?

ಈಗ ನಿಲ್ಲದೆ 5 ಕಿ.ಮೀ. ಓಡಲು ಬರುವವರು ಫುಲ್ ಬಗ್ಗೆ ಯೋಚಿಸಬಹುದು. ಬರದವರು ಈ ವರ್ಷ 10 ಅಥವಾ ಹಾಫ್ ಓಡಲಿ. ವಯಸ್ಸು ನಲವತ್ತು ದಾಟಿದವರು, ಶುಗರ್, ಬಿಪಿ ಇರುವವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆಗಿದ್ದವರು ಶುರು ಮಾಡುವ ಮೊದಲೇ ಡಾಕ್ಟರ ಹತ್ತಿರ ಒಂದು ಸಲ ಹೋಗಿ ಬನ್ನಿ.

ಇನ್ನೊಂದು ಒಪ್ಪಂದ ಮುಖ್ಯ: ಜೊತೆಯಲ್ಲೇ ಓಡುವುದಾ, ಬೇರೆ ಬೇರೆಯಾ? ನಮ್ಮ ನಿಯಮ ಸರಳ. ಮೊದಲ ಅರ್ಧ ಜೊತೆಯಲ್ಲಿ, ನಿಧಾನಿಯ ವೇಗದಲ್ಲಿ. ಆಮೇಲೆ ಯಾರಿಗೂ ಯಾರನ್ನೂ ಕಾಯುವ ಹಂಗಿಲ್ಲ, ಯಾರೂ ಮುಖ ಊದಿಸಿಕೊಳ್ಳುವ ಹಾಗಿಲ್ಲ.

ಒಬ್ಬರು ಬರಲಾಗದಿದ್ದರೆ ಅವರ ಬಿಬ್ (ಎದೆಗೆ ಪಿನ್ ಮಾಡುವ ನಂಬರ್ ಚೀಟಿ) ಹಾಕಿಕೊಂಡು ಇನ್ನೊಬ್ಬರು ಓಡಬೇಡಿ. ದಾರಿಯಲ್ಲಿ ಬಿದ್ದರೆ ಆ ನಂಬರ್ ನೋಡಿಯೇ ನೀವು ಯಾರು, ರಕ್ತದ ಗುಂಪು ಯಾವುದು, ಮನೆಗೆ ಯಾರಿಗೆ ಫೋನ್ ಮಾಡಬೇಕು ಅಂತ ತಿಳಿದುಕೊಳ್ಳುವುದು.

3. ಹದಿನೆಂಟು ವಾರದ ತಯಾರಿ

ಸೆಪ್ಟೆಂಬರ್ ಮಧ್ಯದಿಂದ ಹಿಂದಕ್ಕೆ ಎಣಿಸಿದರೆ ಮೇ ಎರಡನೇ ವಾರಕ್ಕೆ ಶುರು ಮಾಡಬೇಕು. ವಾರಕ್ಕೆ ನಾಲ್ಕು ದಿನ ಸಾಕು. ಮಂಗಳವಾರ, ಗುರುವಾರ 5ರಿಂದ 8 ಕಿ.ಮೀ., ಶುಕ್ರವಾರ ಇಲ್ಲವೇ ಶನಿವಾರ ಹಗುರಾಗಿ 4-5, ಭಾನುವಾರ ಉದ್ದದ ಓಟ. ಎಲ್ಲ ಇರುವುದು ಆ ಭಾನುವಾರದಲ್ಲಿ. ವಾರದ ಓಟ ಒಂದೆರಡು ತಪ್ಪಿದರೆ ಪರವಾಗಿಲ್ಲ, ಭಾನುವಾರದ್ದು ತಪ್ಪಿಸಬೇಡಿ.

ಫುಲ್ ಓಡುವವರಿಗೆ ಭಾನುವಾರದ ಲೆಕ್ಕ ಹೀಗೆ: 10, 12, 14, ನಂತರ ಇಳಿಸಿ 10. ಮತ್ತೆ 16, 18, 20, ಇಳಿಸಿ 14. ಮತ್ತೆ 22, 24, 26, ಇಳಿಸಿ 18. ಆಮೇಲೆ 28, 20, 30. ಕೊನೆಯಲ್ಲಿ 20, 12, ಅದರ ಮುಂದಿನ ಭಾನುವಾರ ಓಟ. ನಡುನಡುವೆ ಇಳಿಸುವುದು ಸೋಮಾರಿತನಕ್ಕಲ್ಲ, ಮಂಡಿ ಮತ್ತು ಹಿಮ್ಮಡಿಯ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಸುಧಾರಿಸಿಕೊಳ್ಳಲಿ ಅಂತ. ಉಸಿರು ಬೇಗ ಪಳಗುತ್ತದೆ, ಮೂಳೆ, ಸ್ನಾಯುರಜ್ಜು ನಿಧಾನ. ಹಾಫ್ ಓಡುವವರು 18 ಮುಟ್ಟಿದರೆ ಸಾಕು.

ವೇಗ? ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಂತಿರಬೇಕು. ಬಾಸ್‌ನ ಬೈಯುತ್ತಾ ಓಡಿ, ಬೈಗುಳ ನಡುವೆ ತುಂಡಾದರೆ ನೀವು ಜೋರಾಗಿ ಓಡುತ್ತಿದ್ದೀರಿ ಅಂತ ಅರ್ಥ. ಇದಕ್ಕೇ ಗುಂಪು ಬೇಕು. ಒಬ್ಬರೇ ಓಡಿದರೆ ಕಿವಿಗೆ ಹಾಡು ಸಿಕ್ಕಿಸಿಕೊಂಡು ಗೊತ್ತಿಲ್ಲದೆ ವೇಗ ಏರುತ್ತದೆ.

ಮತ್ತೊಂದು ಉಪಾಯ, ಓಡು-ನಡೆ. ಅಮೆರಿಕದ ಓಟಗಾರ, ಕೋಚ್ ಜೆಫ್ ಗ್ಯಾಲೋವೇ 1970ರ ದಶಕದಿಂದ ಹೇಳಿಕೊಂಡು ಬಂದದ್ದು: ಸುಸ್ತಾದ ಮೇಲೆ ನಡೆಯುವುದಲ್ಲ, ಮೊದಲ ಕಿಲೋಮೀಟರಿನಿಂದಲೇ ಲೆಕ್ಕ ಹಾಕಿ ನಡೆಯುವುದು. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಕಿಲೋಮೀಟರಿಗೆ 7 ನಿಮಿಷದ ಓಟ, 11 ನಿಮಿಷದ ನಡಿಗೆ ಅಂದುಕೊಂಡರೆ ಸರಾಸರಿ ಸುಮಾರು ಏಳೂವರೆ ನಿಮಿಷ ಬರುತ್ತದೆ, ಅಂದರೆ 42 ಮುಗಿಸಲು 5 ಗಂಟೆ 20 ನಿಮಿಷದ ಆಸುಪಾಸು. ಪೂರ್ತಿ ಓಡುತ್ತೇನೆ ಅಂತ ಹಟ ಹಿಡಿದು 28ಕ್ಕೆ ಸತ್ತು, ಉಳಿದದ್ದನ್ನು ಕುಂಟಿಕೊಂಡು ನಡೆಯುವವರು ಇದಕ್ಕಿಂತ ತಡವಾಗಿ ಬರುತ್ತಾರೆ. ನಾನೇ ಸಾಕ್ಷಿ.

ಬೆಂಗಳೂರಿನವರು ಒಂದು ತಪ್ಪು ಮಾಡುತ್ತಾರೆ. ಲಾಲ್‌ಬಾಗ್, ಕಬ್ಬನ್ ಪಾರ್ಕಿನ ತಂಪಿನಲ್ಲಿ, ಮರದ ನೆರಳಲ್ಲಿ ಬೆಳಿಗ್ಗೆ ಬೇಗನೆ ಓಡಿ ಮುಗಿಸುತ್ತಾರೆ. ಕಾಲುವೆ ದಂಡೆ ಮೇಲೆ ನೆರಳು ಅಪರೂಪ. ಒಂಬತ್ತಾದ ಮೇಲೆ ಬಿಸಿಲು ನೆತ್ತಿ ಸುಡುತ್ತದೆ. ಅದಕ್ಕೇ ಉದ್ದದ ಓಟಗಳಲ್ಲಿ ಎರಡನ್ನಾದರೂ ಬೇಕಂತಲೇ ಏಳು ಗಂಟೆಗೆ ಶುರು ಮಾಡಿ, ಕೊನೆಯ ಒಂದು ಗಂಟೆ ಬಿಸಿಲಿಗೆ ಬೀಳಲಿ. ಸಾಧ್ಯವಾದರೆ ಮಣ್ಣಿನ ದಾರಿ ಹುಡುಕಿ, ಕೆರೆ ಏರಿ ಇದ್ದರೆ ಇನ್ನೂ ಒಳ್ಳೆಯದು.

4. ಶೂ, ಬಟ್ಟೆ, ವ್ಯಾಸಲಿನ್

ಶೂ ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಲಿ. ಮಾಮೂಲಿ ರಸ್ತೆ ಶೂ ಸಾಕು, ಟ್ರೇಲ್ ಶೂ ಅಂತ ದುಡ್ಡು ಸುರಿಯಬೇಡಿ. ಹತ್ತಿ ಸಾಕ್ಸ್ ಬೇಡ, ಬೆವರು ಕುಡಿದು ಗುಳ್ಳೆ ಏಳಿಸುತ್ತದೆ. ಓಟಕ್ಕೆ ನಾಲ್ಕು ದಿನ ಮೊದಲು ಕಾಲುಗುರು ಕತ್ತರಿಸಿ.

ವ್ಯಾಸಲಿನ್ ತೊಡೆಸಂದಿಗೆ, ಕಂಕುಳಿಗೆ, ಗಂಡಸರು ಎದೆತೊಟ್ಟಿಗೆ, ಹೆಂಗಸರು ಸ್ಪೋರ್ಟ್ಸ್ ಬ್ರಾ ಪಟ್ಟಿ ಉಜ್ಜುವ ಕಡೆ ಧಾರಾಳವಾಗಿ ಹಚ್ಚಿ. ನಾಚಿಕೆ ಪಟ್ಟರೆ ಸ್ನಾನದ ಮೊದಲ ಚೊಂಬು ನೀರು ಮೈಮೇಲೆ ಬಿದ್ದಾಗ ಗೊತ್ತಾಗುತ್ತದೆ. ಟೋಪಿ ಮರೆಯಬೇಡಿ. ಗುಂಪಿಗೆಲ್ಲ ಒಂದೇ ಬಣ್ಣದ ಹೊಸ ಟೀಶರ್ಟ್ ಮಾಡಿಸಿದ್ದರೆ ಅದನ್ನು ಮೊದಲೇ ಎರಡು ಸಲ ಒಗೆದು ಒಂದು ಉದ್ದದ ಓಟಕ್ಕೆ ಹಾಕಿಕೊಂಡು ನೋಡಿ. ಓಟದ ದಿನ ಮೈಮೇಲೆ, ಹೊಟ್ಟೆಯೊಳಗೆ ಹೊಸದು ಏನೂ ಇರಬಾರದು.

5. ರೂಮು ಮತ್ತು ದಾರಿ

ಶ್ರೀರಂಗಪಟ್ಟಣದಲ್ಲೇ ಉಳಿದರೆ ಬೆಳಿಗ್ಗೆ ಅರ್ಧ ಗಂಟೆ ಜಾಸ್ತಿ ನಿದ್ದೆ. ಮೈಸೂರಿನಲ್ಲಿ ಉಳಿದರೆ ಊಟ, ರೂಮು ಎರಡಕ್ಕೂ ಆಯ್ಕೆ ಜಾಸ್ತಿ, ದೂರ ಹದಿನೈದು ಹದಿನಾರು ಕಿ.ಮೀ. ಅಷ್ಟೇ. ಎಲ್ಲೇ ಬುಕ್ ಮಾಡಿ, ಫೋನಿನಲ್ಲಿ ಎರಡು ಪ್ರಶ್ನೆ ಕೇಳಿ: ಲಿಫ್ಟ್ ಇದೆಯಾ, ವೆಸ್ಟರ್ನ್ ಕಮೋಡ್ ಇದೆಯಾ. 42 ಓಡಿದ ಮೇಲೆ ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕೂರುವುದು ಹೇಗೋ ಆಗುತ್ತದೆ, ಏಳುವುದು ಆಗುವುದಿಲ್ಲ. ನಾನು ನಲ್ಲಿ ಹಿಡಿದುಕೊಂಡು ಎದ್ದೆ, ನಲ್ಲಿ ಕೈಗೆ ಬಂತು.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗಬಹುದು, ಆದರೆ ವಾಪಸ್ ಬರುವ ಸ್ಥಿತಿ ನೆನೆದು ಕಾರು, ಬಸ್ಸು ಅಥವಾ ರೈಲೇ ಇರಲಿ. ಕಾರಿನಲ್ಲಿ ಹೋಗುವವರು ಎಕ್ಸ್‌ಪ್ರೆಸ್‌ವೇ ಊರುಗಳನ್ನು ಬಳಸಿಕೊಂಡು ಹೋಗುತ್ತದೆ ಅನ್ನುವುದು ನೆನಪಿಡಿ, ಎಕ್ಸಿಟ್ ತಪ್ಪಿದರೆ ಸೀದಾ ಮೈಸೂರು.

6. ಶನಿವಾರ

ಬೆಳಿಗ್ಗೆ ತಿಂಡಿ ಮುಗಿಸಿ ಎಂಟಕ್ಕೆ ಹೊರಡಿ. ಮದ್ದೂರು ಬಂದಾಗ ವಡೆಗಾಗಿ ಗಲಾಟೆ ಶುರುವಾಗುತ್ತದೆ. ತಲೆಗೆ ಒಂದು, ಮೇಲೆ ಒಂದು ಕಾಫಿ, ಕಾರು ಹತ್ತಿ. ಉಳಿದದ್ದಕ್ಕೆ ಭಾನುವಾರ ವಾಪಸ್ ಬರುವಾಗ ಕೈ ಹಾಕಬಹುದು, ಆಗ ಎಷ್ಟು ತಿಂದರೂ ಕೇಳುವವರಿಲ್ಲ.

ಮೊದಲು ಬಿಬ್ ತೆಗೆದುಕೊಳ್ಳಿ. ಓಟದ ಬೆಳಿಗ್ಗೆ ಕೊಡುತ್ತಾರೆ ಅಂತ ನಂಬಿ ಕೂರಬೇಡಿ, ನೋಂದಣಿ ಮಾಡಿದಾಗ ಬಂದ ಮೆಸೇಜಿನಲ್ಲಿ ಎಲ್ಲಿ, ಎಷ್ಟು ಹೊತ್ತಿನೊಳಗೆ ಅಂತ ಇರುತ್ತದೆ, ಗುಂಪಿನಲ್ಲಿ ಒಬ್ಬರಾದರೂ ಅದನ್ನು ಪೂರ್ತಿ ಓದಿ. ಗುರುತಿನ ಚೀಟಿ ಎಲ್ಲರ ಹತ್ತಿರ ಇರಲಿ. ಹಾಗೇ ಒಂದು ಸಲ ಸ್ಟಾರ್ಟ್ ಜಾಗಕ್ಕೆ ಕಾರಿನಲ್ಲಿ ಹೋಗಿ ಬನ್ನಿ, ಪಾರ್ಕಿಂಗ್ ಎಲ್ಲಿ, ತಿರುವು ಎಲ್ಲಿ ಅಂತ ಹಗಲಲ್ಲೇ ನೋಡಿಕೊಂಡರೆ ಬೆಳಗಿನ ಜಾವದ ಕತ್ತಲಲ್ಲಿ ಯಾರದೋ ಗದ್ದೆ ಬದುವಿಗೆ ಕಾರು ಇಳಿಸುವುದು ತಪ್ಪುತ್ತದೆ.

ಮಧ್ಯಾಹ್ನದಿಂದ ಅಪಾಯ. "ಇಷ್ಟು ದೂರ ಬಂದಿದೀವಿ, ಜೂಗೆ ಹೋಗಿ ಬರೋಣ" ಅಂತ ಒಬ್ಬರು ಹೇಳೇ ಹೇಳುತ್ತಾರೆ. ಮೈಸೂರಿನ ಜೂ ಒಂದು ಸುತ್ತು ಹಾಕಿದರೆ ಅರ್ಧ ಕಾಲು ಅಲ್ಲೇ ಖರ್ಚು. ಕರಿಘಟ್ಟ, ಚಾಮುಂಡಿ ಮೆಟ್ಟಿಲು, ದೇವರಾಜ ಮಾರ್ಕೆಟ್ ಎಲ್ಲ ಇನ್ನೊಂದು ವಾರಕ್ಕೆ. ದೇವರ ದರ್ಶನ ಆಗಲೇಬೇಕು ಅಂದರೆ ಶ್ರೀರಂಗನಾಥನಿಗೆ ಒಂದು ನಮಸ್ಕಾರ ಹಾಕಿ ಬನ್ನಿ, ಅಲ್ಲಿ ಬೆಟ್ಟ ಹತ್ತುವುದಿಲ್ಲ. ಒಟ್ಟು ನಡಿಗೆ ಮೂರು ಕಿಲೋಮೀಟರ್ ದಾಟಬಾರದು. ಅರಮನೆಯ ದೀಪ ಹೊತ್ತಿಸುವುದು ಹೇಗೂ ಭಾನುವಾರ ಮತ್ತು ರಜಾ ದಿನ ಸಂಜೆ, ಅದು ಓಟ ಮುಗಿದ ಮೇಲೆ ನಮಗೇ ಅಂತ ಇಟ್ಟ ಹಾಗಿದೆ.

ಊಟಕ್ಕೆ ಮಧ್ಯಾಹ್ನವೇ ಚೆನ್ನಾಗಿ ಅನ್ನ ಉಣ್ಣಿ. ರಾತ್ರಿ ಏಳೂವರೆಯೊಳಗೆ ಅನ್ನ ಸಾರು ಅಥವಾ ಮೊಸರನ್ನ, ಹೊಟ್ಟೆ ಬಿರಿಯುವಷ್ಟಲ್ಲ. ಮುದ್ದೆ ಅಭ್ಯಾಸ ಇದ್ದವರು ಮಧ್ಯಾಹ್ನವೇ ಮುಗಿಸಿ. ರಾತ್ರಿ ಕಾಳಿನ ಪಲ್ಯ, ಕೋಸಂಬರಿ, ಕರಿದದ್ದು, ಮಾಂಸ, ಬೀರು ಯಾವುದೂ ಬೇಡ. ನಾರು ಜಾಸ್ತಿ ಇರುವ ಊಟ ಮರುದಿನ ಹನ್ನೆರಡನೇ ಕಿಲೋಮೀಟರಿನಲ್ಲಿ ಲೆಕ್ಕ ಕೇಳುತ್ತದೆ. ಲೀಟರ್‌ಗಟ್ಟಲೆ ನೀರು ಕುಡಿಯುವುದೂ ಬೇಡ, ಬಾಯಾರಿದಷ್ಟು ಕುಡಿದರೆ ಸಾಕು. ಇಲ್ಲವಾದರೆ ರಾತ್ರಿಯೆಲ್ಲ ಬಾತ್‌ರೂಮಿಗೆ ಪೆರೇಡ್.

ಮಲಗುವ ಮುನ್ನ ಶರ್ಟಿಗೆ ಬಿಬ್ ಪಿನ್ ಮಾಡಿ, ಶೂ ಒಳಗೆ ಸಾಕ್ಸ್ ತುರುಕಿ, ಎಲ್ಲವನ್ನೂ ಕುರ್ಚಿ ಮೇಲೆ ಸಾಲಾಗಿ ಇಡಿ. ಮೂರು ಫೋನಿನಲ್ಲಿ ಅಲಾರಂ. ನಿದ್ದೆ ಬರುವುದಿಲ್ಲ, ಅದು ಮಾಮೂಲು. ಶುಕ್ರವಾರ ರಾತ್ರಿ ಚೆನ್ನಾಗಿ ಮಲಗಿದ್ದರೆ ಶನಿವಾರದ ಅರೆನಿದ್ದೆ ಏನೂ ಮಾಡುವುದಿಲ್ಲ. ಸುಮ್ನೆ ಕಣ್ಣು ಮುಚ್ಚಿ ಬಿದ್ದುಕೊಳ್ಳಿ. ಇಸ್ಪೀಟು ಎಲೆಯನ್ನು ಬೆಂಗಳೂರಲ್ಲೇ ಬಿಟ್ಟು ಬನ್ನಿ.

7. ಭಾನುವಾರ ಬೆಳಗಿನ ಜಾವ

ಓಟಕ್ಕೆ ಎರಡೂವರೆ ಗಂಟೆ ಮೊದಲು ಏಳಿ. ಆ ಹೊತ್ತಿಗೆ ಯಾವ ಹೋಟೆಲೂ ತೆರೆದಿರುವುದಿಲ್ಲ, ಇಡ್ಲಿ ಸಿಗುತ್ತದೆ ಅಂತ ನಂಬಬೇಡಿ. ಬ್ರೆಡ್ಡು, ಜಾಮು, ಬಾಳೆಹಣ್ಣು ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ಕಾಫಿ ಇಲ್ಲದೆ ಹೊಟ್ಟೆ ಖಾಲಿಯಾಗದವರು ರಾತ್ರಿಯೇ ಫ್ಲಾಸ್ಕಿಗೆ ತುಂಬಿಸಿಕೊಳ್ಳಿ. ಐದು ಜನಕ್ಕೆ ಒಂದೇ ಬಾತ್‌ರೂಮ್ ಅಂದರೆ ಸರದಿ ಪಟ್ಟಿ ಬರೆದಿಡಿ, ಸ್ಟಾರ್ಟ್ ಹತ್ತಿರದ ಟಾಯ್ಲೆಟ್ ಸಾಲು ಎಲ್ಲಿಯವರೆಗೆ ಬೆಳೆಯುತ್ತದೆ ಅಂತ ಒಂದು ಸಲ ನೋಡಿದವರಿಗೆ ಗೊತ್ತು. ಕಾರಿನ ಕೀ 10 ಕಿ.ಮೀ. ಓಡುವವರ ಹತ್ತಿರ.

8. ಓಟ

ಮೊದಲ ಐದು ಕಿಲೋಮೀಟರ್ ನಿಮಗೆ ನಾಚಿಕೆಯಾಗುವಷ್ಟು ನಿಧಾನವಾಗಿರಲಿ. ತಂಪು ಗಾಳಿ, ಕಾಲುವೆಯಲ್ಲಿ ತುಂಬಿ ಹರಿಯುವ ಕೆಂದು ನೀರು, ಭತ್ತದ ಮೇಲೆ ಮಂಜು, ಎಲ್ಲರೂ ಹುರುಪಿನಲ್ಲಿ ದಾಟಿಕೊಂಡು ಹೋಗುತ್ತಾರೆ. ಹೋಗಲಿ. ಅವರಲ್ಲಿ ಅರ್ಧ ಜನ ಬಿಸಿಲೇರಿದ ಮೇಲೆ ಮತ್ತೆ ಸಿಗುತ್ತಾರೆ.

ನೆಲ ನೋಡಿಕೊಂಡು ಓಡಿ. ಟ್ರ್ಯಾಕ್ಟರ್ ಚಕ್ರದ ಗುರುತು ಒಣಗಿ ಗಟ್ಟಿಯಾಗಿರುವ ಕಡೆ ಕಾಲು ಹೊರಳುತ್ತದೆ, ಹಿಂದಿನ ದಿನ ಮಳೆ ಬಂದಿದ್ದರೆ ಜೇಡಿ ಮಣ್ಣು ಶೂ ತಳಕ್ಕೆ ಅಂಟಿ ಒಂದೊಂದು ಕಾಲು ಅರ್ಧ ಕೆ.ಜಿ. ಭಾರವಾಗುತ್ತದೆ. ಎಮ್ಮೆ ಎದುರು ಬಂದರೆ ದಾರಿ ಬಿಡಿ, ಅದು ಬಿಡುವುದಿಲ್ಲ. ಹಳ್ಳಿ ಹತ್ತಿರ ಮಕ್ಕಳು ಸಾಲಾಗಿ ಕೈ ಚಾಚಿ ನಿಂತಿರುತ್ತಾರೆ, ಕೈ ಕೊಟ್ಟು ಹೋಗಿ. ನಮ್ಮ ಜೊತೆ ಒಬ್ಬ ಹುಡುಗ ಹವಾಯಿ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮುನ್ನೂರು ಮೀಟರ್ ಓಡಿ, "ಅಣ್ಣಾ, ಯಾಕಣ್ಣಾ ಇಷ್ಟು ನಿಧಾನ?" ಅಂತ ಕೇಳಿ ನಿಂತುಬಿಟ್ಟ. ಉತ್ತರ ಕೊಡಲು ಉಸಿರಿರಲಿಲ್ಲ.

ತಿನ್ನುವುದನ್ನು ಹಸಿವಾಗುವ ಮೊದಲೇ ಶುರು ಮಾಡಿ. ದೇಹದಲ್ಲಿ ಕೂಡಿಟ್ಟ ಸಕ್ಕರೆ ಬಹಳ ಜನರಿಗೆ 30 ಕಿ.ಮೀ. ಆಸುಪಾಸಿನಲ್ಲಿ ತಳ ಕಾಣುತ್ತದೆ, "ಗೋಡೆಗೆ ಗುದ್ದಿದೆ" ಅನ್ನುವುದು ಇದಕ್ಕೇ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಜೆಲ್ (ಓಟಗಾರರಿಗೆಂದೇ ಸಣ್ಣ ಪ್ಯಾಕೆಟ್ಟಿನಲ್ಲಿ ಬರುವ ಸಕ್ಕರೆ ಪಾಕ) ಒಗ್ಗಿದವರು ಅದನ್ನೇ ತಗೊಳ್ಳಿ. ನಾನು ಖರ್ಜೂರ ಬಿಡಿಸಿ ಬೀಜ ತೆಗೆದು ಸಣ್ಣ ಕವರಿನಲ್ಲಿ ಇಟ್ಟುಕೊಳ್ಳುತ್ತೇನೆ, ಅರ್ಧ ಗಂಟೆಗೆ ಎರಡು. ಖಾಲಿ ಕವರನ್ನು ಮತ್ತೆ ಜೇಬಿಗೇ ಹಾಕಿ. ಕಾಲುವೆಗೆ ಎಸೆದದ್ದು ಯಾರದೋ ಗದ್ದೆಗೆ ಹೋಗುತ್ತದೆ.

ನೀರಿನ ಟೇಬಲ್ ಬಂದಾಗಲೆಲ್ಲ ನಡೆಯಿರಿ. ಎರಡು ಗುಟುಕು ಕುಡಿದು ಉಳಿದದ್ದನ್ನು ತಲೆಗೆ, ಕುತ್ತಿಗೆಗೆ ಸುರಿದುಕೊಳ್ಳಿ. ಬರೀ ನೀರನ್ನೇ ಹೊಟ್ಟೆ ತುಂಬ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆ ಸುತ್ತು, ವಾಂತಿ, ಗೊಂದಲ ಶುರುವಾಗಬಹುದು, ಇದು ನಿಜಕ್ಕೂ ಅಪಾಯ. ನಡುನಡುವೆ ಓಆರ್‌ಎಸ್ ಕುಡಿಯಿರಿ. ನೋವಿನ ಮಾತ್ರೆ ನುಂಗಿ ಓಡುವ ಚಟ ಕೆಲವರಿಗಿದೆ, ಬೇಡವೇ ಬೇಡ. ಐಬುಪ್ರೊಫೆನ್ ಥರದ್ದು ನೀರು ಕಡಿಮೆಯಾದ ಮೈಯಲ್ಲಿ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಎದೆ ನೋವು, ಬಿಸಿಲಲ್ಲೂ ಮೈ ನಡುಕ, ಕಣ್ಣು ಮಂಜಾಗುವುದು, ಮಾತು ತೊದಲುವುದು ಯಾವುದು ಕಂಡರೂ ಅಲ್ಲೇ ನಿಲ್ಲಿ, ಪಕ್ಕದವರನ್ನು ಕೂಗಿ. ಗೆಳೆಯನಿಗೆ ಹಾಗಾದರೆ ಕಾಯುವ ಹಂಗಿಲ್ಲ ಅನ್ನುವ ನಿಯಮ ರದ್ದು.

ಫುಲ್ ಓಡುವವರಿಗೆ ಅತಿ ಕಷ್ಟದ ಜಾಗ 30 ಅಲ್ಲ, 21. ಹಾಫ್ ಮುಗಿಸಿದವರು ಮೆಡಲ್ ಹಾಕಿಕೊಂಡು ನೆರಳಲ್ಲಿ ಕೂತು ತಿಂಡಿ ತಿನ್ನುತ್ತಿರುತ್ತಾರೆ, ನೀವು ಅವರ ಎದುರೇ ತಿರುಗಿ ಮತ್ತೆ ಬಿಸಿಲಿಗೆ ಹೋಗಬೇಕು. ನಮ್ಮ ಹಾಫ್ ಗೆಳೆಯ ತಟ್ಟೆ ಎತ್ತಿ ತೋರಿಸಿ "ಬಾರೋ, ಬಿಸಿ ಇದೆ" ಅಂದ. ಅಲ್ಲಿ ನಿಲ್ಲಬೇಡಿ. ಕೂತರೆ ಮುಗೀತು. ಅವರಿಗೆ ಮೊದಲೇ ಒಂದು ಕೆಲಸ ಹೇಳಿಡಿ: ಐಸ್ ಇದ್ದರೆ ಟೋಪಿಯೊಳಗೆ ತುಂಬುವುದು, ಖರ್ಜೂರದ ಎರಡನೇ ಕವರ್ ಕೊಡುವುದು, ಬೆನ್ನಿಗೊಂದು ಗುದ್ದಿ ಕಳಿಸುವುದು.

9. ಮುಗಿದ ಮೇಲೆ

ಗೆರೆ ದಾಟಿದ ತಕ್ಷಣ ಕೂರಬೇಡಿ, ಹತ್ತು ನಿಮಿಷ ನಡೆದಾಡಿ. ಒದ್ದೆ ಬಟ್ಟೆ ಬದಲಿಸಿ. ಒಂದು ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಲಿ, ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ಮೂತ್ರ ಕಾಫಿ ಬಣ್ಣದಲ್ಲಿ ಬಂದರೆ ತಮಾಷೆ ಮಾಡದೆ ಆಸ್ಪತ್ರೆಗೆ ಹೋಗಿ.

ಬಲಮುರಿಯಲ್ಲೋ ಸಂಗಮದಲ್ಲೋ ಈಜೋಣ ಅಂತ ಯಾರಾದರೂ ಹೊರಟರೆ ತಡೆಯಿರಿ. ಕಾವೇರಿಯ ಸೆಳವು ಮಾಮೂಲಿ ದಿನವೇ ಜನರನ್ನು ಎಳೆದುಕೊಂಡಿದೆ, ಇನ್ನು ಸೆಳೆತ ಬಂದ ಕಾಲು ಇಟ್ಟುಕೊಂಡು ಇಳಿಯುವುದಾ? ಬದಲಿಗೆ ರಂಗನತಿಟ್ಟಿನಲ್ಲಿ ದೋಣಿ ಬಿಟ್ಟಿದ್ದರೆ ಹತ್ತಿ. ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲಿ ಮೈಸೂರು ಮಹಾರಾಜರು ಪಕ್ಷಿಧಾಮ ಮಾಡಿದ ಜಾಗ. ಸೆಪ್ಟೆಂಬರಿನಲ್ಲಿ ಹಕ್ಕಿ ಕಡಿಮೆ, ಆದರೆ ಕೂತ ಕಡೆಯೇ ಕೂತು ನೋಡಬಹುದು, ನಮಗೆ ಬೇಕಾದದ್ದೂ ಅಷ್ಟೇ. ಬಂಡೆ ಮೇಲೆ ಒಂದು ಮೊಸಳೆ ಬಾಯಿ ತೆರೆದು ಅಲ್ಲಾಡದೆ ಬಿದ್ದಿತ್ತು. ದೋಣಿಯಲ್ಲಿದ್ದ ನಾವೂ ಹೆಚ್ಚುಕಡಿಮೆ ಅದೇ ಭಂಗಿಯಲ್ಲಿದ್ದೆವು.

ರೂಮಿಗೆ ಹೋಗಿ ಎರಡು ಗಂಟೆ ಮಲಗಿ ಎದ್ದರೆ ಸಂಜೆ ಏಳಕ್ಕೆ ಅರಮನೆ ದೀಪ, ಆಮೇಲೆ ಶನಿವಾರ ಬೇಡ ಅಂದಿದ್ದ ಮಟನ್ ಪಲಾವ್. ರಾತ್ರಿಯೇ ವಾಪಸ್ ಆಗುವವರು ಒಂದು ಗಂಟೆಗೊಮ್ಮೆ ಕಾರು ನಿಲ್ಲಿಸಿ ಕಾಲಾಡಿಸಿ. ಸೋಮವಾರ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯಿರಿ, ತೊಡೆಗೆ ನೋವು ಕಡಿಮೆ, ನೋಡುವವರು ನಗುತ್ತಾರೆ. ವಾರ ಪೂರ್ತಿ ಓಟ ಬೇಡ, ಸಂಜೆ ಅರ್ಧ ಗಂಟೆ ನಡಿಗೆ ಸಾಕು. ಅದರ ಮುಂದಿನ ಭಾನುವಾರ 4 ಕಿ.ಮೀ. ನಿಧಾನಕ್ಕೆ, ಅದೇ ಗುಂಪು, ಮುಗಿದ ಮೇಲೆ ದೋಸೆ. ಕಳೆದ ಸಲ ಆ ದೋಸೆ ಬರುವಷ್ಟರಲ್ಲಿ ಕಬ್ಬಿನ ಗದ್ದೆ ಗೆಳೆಯ ಮುಂದಿನ ವರ್ಷಕ್ಕೆ ರೂಮು ಹುಡುಕುತ್ತಿದ್ದ. ಫೋನಿನಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ, ಕಮೋಡ್ ಯಾವ ಥರದ್ದು ಅಂತ.